ಕ್ಲಿನಿಕಲ್ ಡೇಟಾದಲ್ಲಿ ಯೂನಿಟ್ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆ ಮತ್ತು ಲ್ಯಾಬ್ ಡೇಟಾ ಇಟ್ಟುಕೊಂಡು ಕೋಡ್ ಬರೆಯುವವರು ನನ್ನನ್ನು ಆಗಾಗ ಕೇಳುವ ಪ್ರಶ್ನೆಗಳಿವು. ಇವರಲ್ಲಿ ಕೆಲವರಿಗೆ ಕೋಡ್ ಚೆನ್ನಾಗಿ ಬರುತ್ತದೆ, ಲ್ಯಾಬ್ ರಿಪೋರ್ಟ್ ಹೊಸದು. ಇನ್ನು ಕೆಲವರದ್ದು ಅದಕ್ಕೆ ಉಲ್ಟಾ. ಇಬ್ಬರಿಗೂ ಆಗುವಂತೆ ಬರೆದಿದ್ದೇನೆ. ಇಲ್ಲಿ ಯೂನಿಟ್ ಅಂದರೆ ಅಳತೆಯ ಮಾನ, ಕೋಡ್ ಬರೆಯುವವರ ಯೂನಿಟ್ ಟೆಸ್ಟ್ ಅಲ್ಲ.

ಯೂನಿಟ್ ಕಾಲಂ ಇದೆ, ಎಲ್ಲಾ ಸಾಲಿನಲ್ಲೂ ಒಂದೇ ಯೂನಿಟ್ ಇದೆ. ಇನ್ನೇನು ಪರೀಕ್ಷೆ ಮಾಡೋದು?

ನಾನೂ ಒಮ್ಮೆ ಮೋಸ ಹೋಗಿದ್ದು ಅಲ್ಲೇ. ಎರಡು ಕಡೆಯಿಂದ ಬಂದ ಡೇಟಾ ಜೋಡಿಸುತ್ತಿದ್ದೆ. ಅದರಲ್ಲಿ ಕ್ರಿಯಾಟಿನಿನ್ ಇತ್ತು, ಕಿಡ್ನಿ ಹೇಗಿದೆ ಎಂದು ನೋಡುವ ರಕ್ತದ ಟೆಸ್ಟ್. ಕ್ರಿಯಾಟಿನಿನ್‌ನ ಯೂನಿಟ್ ಕಾಲಂ ಮೇಲಿಂದ ಕೆಳಗಿನವರೆಗೆ ಎಂಜಿ/ಡಿಎಲ್ (ಡೆಸಿಲೀಟರ್, ಅಂದರೆ 100 ಎಂಎಲ್‌ಗೆ ಎಷ್ಟು ಮಿಲಿಗ್ರಾಂ). ಒಂದೂ ಖಾಲಿ ಇಲ್ಲ. ಖುಷಿಯಾಗಿ ಮುಂದೆ ಹೋದೆ. ಎರಡು ವಾರ ಬಿಟ್ಟು ಇಜಿಎಫ್‌ಆರ್ ಲೆಕ್ಕ ಹಾಕಿದೆ. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತಿದೆ ಎನ್ನುವ ಅಂದಾಜು ಅದು. ಒಂದು ಕಡೆಯ ರೋಗಿಗಳಿಗೆಲ್ಲ ಉತ್ತರ 1ಕ್ಕಿಂತ ಕಡಿಮೆ ಬಂತು. ಅಂದರೆ ಅವರೆಲ್ಲ ಡಯಾಲಿಸಿಸ್ ಮೇಲೆ ಇರಬೇಕಿತ್ತು. ಅವರೋ ಮಾಮೂಲಿ ಚೆಕಪ್‌ಗೆ ನಡೆದುಕೊಂಡು ಬಂದವರು.

ಒಂದು ಸಾಲು ತೆಗೆದು ನೋಡಿದೆ. ಕ್ರಿಯಾಟಿನಿನ್, 79, ಎಂಜಿ/ಡಿಎಲ್, ನಾರ್ಮಲ್ ರೇಂಜ್ 62–106. ಎಂಜಿ/ಡಿಎಲ್‌ನಲ್ಲಿ ಗಂಡಸರ ನಾರ್ಮಲ್ ಸುಮಾರು 0.7ರಿಂದ 1.2. ಅದನ್ನು 88.4ರಿಂದ ಗುಣಿಸಿ ನೋಡಿ, 62 ಮತ್ತು 106 ಬರುತ್ತದೆ. ಆ ಅಂಕಿ ಮೈಕ್ರೋಮೋಲ್/ಲೀಟರ್‌ನದ್ದು. 79 ಅಂದರೆ 0.89, ಆರೋಗ್ಯವಂತ ಕಿಡ್ನಿ. ಹಾಗಾದರೆ ಎಂಜಿ/ಡಿಎಲ್ ಎಂದು ಬರೆದವರು ಯಾರು? ಯಾರೂ ಅಲ್ಲ. ಎಂಟ್ರಿ ಫಾರ್ಮ್‌ನಲ್ಲಿ ಅದು ಡೀಫಾಲ್ಟ್ ಆಗಿತ್ತು. ಟೈಪ್ ಮಾಡುವವರು ಅಂಕಿ ಹಾಕಿ ಎಂಟರ್ ಒತ್ತುತ್ತಿದ್ದರು.

ಯೂನಿಟ್ ಕಾಲಂ ಹೇಳುವುದು ಒಂದು ಮಾತು ಅಷ್ಟೇ. ಅದಕ್ಕೆ ಸಾಕ್ಷಿ ಬೇರೆ ಕಡೆ ಹುಡುಕಬೇಕು. ನಾವು ಬರೆಯುವ ಕೋಡ್‌ಗೆ ಇರುವ ಕೆಲಸ ಆ ಹುಡುಕಾಟವೇ.

ಯಾವ ಟೆಸ್ಟುಗಳಲ್ಲಿ ಜಾಸ್ತಿ ಎಡವಟ್ಟಾಗುತ್ತದೆ?

ಮಿಲಿಗ್ರಾಂ (ತೂಕ) ಮತ್ತು ಮೋಲ್ (ಅಣುಗಳ ಎಣಿಕೆ) ಎರಡರಲ್ಲೂ ಬರೆಯುವ ಟೆಸ್ಟುಗಳಲ್ಲಿ. ಭಾರತ, ಅಮೆರಿಕದಲ್ಲಿ ಗ್ಲೂಕೋಸ್ ಎಂಜಿ/ಡಿಎಲ್‌ನಲ್ಲಿ ಬರುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಮಿಲಿಮೋಲ್/ಲೀಟರ್. ಲಂಡನ್‌ನಲ್ಲಿರುವ ಮಗ ಫೋನಿನಲ್ಲಿ "ಅಪ್ಪಾ, ನನ್ನ ಶುಗರ್ 6 ಬಂದಿದೆ" ಎಂದರೆ ಹಾಸನದಲ್ಲಿರುವ ಅಪ್ಪ ಗಾಬರಿ ಬೀಳುವುದು ಇದಕ್ಕೇ. ಅದು ಇಲ್ಲಿಯ 108.

ಈ ಸಂಖ್ಯೆಗಳು ಬಾಯಿಗೆ ಬರುವಷ್ಟು ಅಭ್ಯಾಸವಾದರೆ ಅರ್ಧ ತಪ್ಪು ಕಣ್ಣಿಗೇ ಸಿಗುತ್ತದೆ: ಗ್ಲೂಕೋಸ್‌ಗೆ 18, ಕ್ರಿಯಾಟಿನಿನ್‌ಗೆ 88.4, ಕೊಲೆಸ್ಟರಾಲ್‌ಗೆ 38.67, ಟ್ರೈಗ್ಲಿಸರೈಡ್‌ಗೆ 88.57, ಬಿಲಿರುಬಿನ್‌ಗೆ 17.1. ಸಿಆರ್‌ಪಿಯಲ್ಲಿ (ಉರಿಯೂತದ ಟೆಸ್ಟ್) 10 ಪಟ್ಟು, ಯಾಕೆಂದರೆ ಕೆಲವರು ಎಂಜಿ/ಲೀಟರ್, ಕೆಲವರು ಎಂಜಿ/ಡಿಎಲ್ ಬರೆಯುತ್ತಾರೆ. ಟ್ರೋಪೋನಿನ್‌ನಲ್ಲಿ (ಹೃದಯಾಘಾತದ ಟೆಸ್ಟ್) 1000 ಪಟ್ಟು, ನ್ಯಾನೋಗ್ರಾಂ/ಎಂಎಲ್ ಮತ್ತು ನ್ಯಾನೋಗ್ರಾಂ/ಲೀಟರ್ ನಡುವೆ.

ನಮ್ಮ ಡೇಟಾ ಪೂರ್ತಿ ಇಲ್ಲಿಯ ಲ್ಯಾಬುಗಳದ್ದೇ. ನಮಗೂ ಈ ತಲೆನೋವು ಇದೆಯಾ?

ಇದೆ, ಬೇರೆ ಥರದ್ದು. ಡೆಂಗ್ಯೂ ಸೀಸನ್‌ನಲ್ಲಿ ಪ್ಲೇಟ್‌ಲೆಟ್ ಕಾಲಂ ಒಂದನ್ನು ತೆರೆದು ನೋಡಿ. ಒಬ್ಬರು 2.1 ಎಂದು ಬರೆದಿರುತ್ತಾರೆ, ಅದು ಲಕ್ಷದಲ್ಲಿ. ಇನ್ನೊಬ್ಬರದ್ದು 210, ಸಾವಿರದಲ್ಲಿ. ಮತ್ತೊಬ್ಬರು 210000. ಮಗದೊಬ್ಬರು ಅಲ್ಪವಿರಾಮ ಹಾಕಿ 2,10,000. ನಾಲ್ಕೂ ಒಂದೇ ರಕ್ತ.

ಇಲ್ಲಿ ಒಂದು ಗುಟ್ಟಿನ ಬಲೆಯಿದೆ. ಪಾಂಡಾಸ್ ಅಂದರೆ ಟೇಬಲ್ ಡೇಟಾಗೆ ಬಳಸುವ ಪೈಥಾನ್ ಲೈಬ್ರರಿ. ಪಾಂಡಾಸ್‌ನಲ್ಲಿ ಕಾಲಂ ಅನ್ನು ಅಂಕಿಗೆ ಬದಲಾಯಿಸುವಾಗ ಕೊಅರ್ಸ್ ಎನ್ನುವ ಆಯ್ಕೆ ಕೊಡುವುದು ಎಲ್ಲರಿಗೂ ಅಭ್ಯಾಸ. ಅಂಕಿಯಾಗದ್ದನ್ನೆಲ್ಲ ಅದು ಸದ್ದಿಲ್ಲದೆ ಖಾಲಿ ಮಾಡುತ್ತದೆ. ಅಲ್ಪವಿರಾಮ ಇರುವ 2,10,000 ಮಾಯ. 98,000 ಮಾಯ. ಅಲ್ಪವಿರಾಮ ಇಲ್ಲದ 2.1, 210, 210000 ಮಾತ್ರ ಉಳಿಯುತ್ತವೆ. ಆಮೇಲೆ ನೀವು ಸರಾಸರಿ ತೆಗೆದರೆ ಅದು ಅಲ್ಪವಿರಾಮ ಹಾಕದ ಲ್ಯಾಬುಗಳ ಸರಾಸರಿ. ಅದಕ್ಕೇ ಬದಲಾಯಿಸುವ ಮೊದಲು ಮತ್ತು ಆಮೇಲೆ ಖಾಲಿ ಸಾಲು ಎಷ್ಟು ಎಂದು ಎಣಿಸಿ. ಜಾಸ್ತಿಯಾಗಿದ್ದರೆ ಯಾವ ಸಾಲುಗಳು ಹೋದವು ಎಂದು ಪ್ರಿಂಟ್ ಮಾಡಿ.

ಹಾಗಂತ ಅಲ್ಪವಿರಾಮವನ್ನು ಕಣ್ಣುಮುಚ್ಚಿ ಅಳಿಸುವ ಹಾಗೂ ಇಲ್ಲ. ಜರ್ಮನಿ, ಫ್ರಾನ್ಸ್‌ನಲ್ಲಿ ಅದು ದಶಮಾಂಶ ಬಿಂದು. ಅಲ್ಲಿಯ 7,8 ನಿಮ್ಮ ಕೋಡ್‌ನಲ್ಲಿ 78 ಆಗುತ್ತದೆ.

ಇನ್ನೊಂದು, ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿರುವ "ಗ್ರಾಂ ಪರ್ಸೆಂಟ್". ಹಿಮೋಗ್ಲೋಬಿನ್ 9.5 ಗ್ರಾಂ% ಎಂದರೆ 9.5 ಗ್ರಾಂ/ಡಿಎಲ್. ಎಂಜಿ% ಅಂದರೆ ಎಂಜಿ/ಡಿಎಲ್. ಕ್ಲೀನ್ ಮಾಡುವ ಸ್ಕ್ರಿಪ್ಟ್ ಅಕ್ಷರಗಳನ್ನು ಕಿತ್ತು ಬರೀ % ಉಳಿಸಿದರೆ, ಹಿಮೋಗ್ಲೋಬಿನ್ 9.5 ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಟೆಸ್ಟ್) 9.5 ಒಂದೇ ಯೂನಿಟ್‌ನಲ್ಲಿ ಅಕ್ಕಪಕ್ಕ ಕೂರುತ್ತವೆ. ಒಂದು ರಕ್ತಹೀನತೆ, ಇನ್ನೊಂದು ಹತೋಟಿ ತಪ್ಪಿದ ಶುಗರ್. ಟೆಸ್ಟಿನ ಹೆಸರಿನ ಕಾಲಂನಲ್ಲಿ ಎರಡಕ್ಕೂ "ಎಚ್‌ಬಿ" ಎಂದು ಶುರುವಾಗುವುದರಿಂದ ಇದು ತಮಾಷೆಯಲ್ಲ.

ಮೊದಲು ಯಾವ ಕೋಡ್ ಬರೆಯಲಿ?

ಬಹಳ ಸಾದಾ ಕೋಡ್. ಟೆಸ್ಟ್, ಆಸ್ಪತ್ರೆ, ಯೂನಿಟ್, ಈ ಮೂರರ ಮೇಲೆ ಗ್ರೂಪ್‌ಬೈ, ಅಂದರೆ ಮೂರೂ ಒಂದೇ ಇರುವ ಸಾಲುಗಳನ್ನು ಗುಂಪು ಮಾಡುವುದು. ಪ್ರತಿ ಗುಂಪಿಗೆ ಎಷ್ಟು ಸಾಲು, 1ನೇ ಪರ್ಸೆಂಟೈಲ್, ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ), 99ನೇ ಪರ್ಸೆಂಟೈಲ್. ಸರಾಸರಿ ಬೇಡ, ನಾಲ್ಕು ಹುಚ್ಚು ಅಂಕಿ ಇದ್ದರೂ ಅದು ಎಲ್ಲೋ ಹೋಗುತ್ತದೆ. ಬಂದ ಪಟ್ಟಿಯನ್ನು ಕೂತು ಓದಿ. ಟೀ ಕುಡಿಯುತ್ತಾ ಓದುವಷ್ಟೇ ಉದ್ದ ಇರುತ್ತದೆ.

ಆಮೇಲೆ ಒಂದು ಸಣ್ಣ ಉಪಾಯ. ಒಂದೇ ಟೆಸ್ಟ್‌ಗೆ ಆಸ್ಪತ್ರೆಗಳ ಮೀಡಿಯನ್‌ಗಳನ್ನು ಒಂದರಿಂದ ಒಂದಕ್ಕೆ ಭಾಗಿಸಿ. ಭಾಗಲಬ್ಧ 1ರ ಆಸುಪಾಸು ಇರಬೇಕು. 18, 38, 88, 10, 1000, ಇವುಗಳ ಹತ್ತಿರ ಬಂದರೆ ಯೂನಿಟ್ ಬದಲಾಗಿದೆ ಎಂದೇ ಅನುಮಾನಿಸಿ. ರೋಗಿಗಳು ಬೇರೆ ಬೇರೆ ಇದ್ದಾರೆ ಎಂದು ಮೀಡಿಯನ್ 88 ಪಟ್ಟು ಆಗುವುದಿಲ್ಲ.

ಒಂದೇ ಆಸ್ಪತ್ರೆಯೊಳಗೆ ಎರಡು ಯೂನಿಟ್ ಬೆರೆತಿದ್ದರೆ ಮೀಡಿಯನ್‌ಗೂ ಗೊತ್ತಾಗದೇ ಹೋಗಬಹುದು. ಆಗ ಅಂಕಿಗಳ ಲಾಗ್ (10ರ ಆಧಾರದ್ದು) ತೆಗೆದು ಹಿಸ್ಟೋಗ್ರಾಂ ಹಾಕಿ. ಲಾಗ್‌ನಲ್ಲಿ ಗುಣಾಕಾರ ಕೂಡುವಿಕೆ ಆಗುತ್ತದೆ. ಹಾಗಾಗಿ ಬೆರೆತ ಯೂನಿಟ್ ಎರಡು ಗುಡ್ಡಗಳಾಗಿ ಎದ್ದು ಕಾಣುತ್ತದೆ. ಗುಡ್ಡಗಳ ನಡುವಿನ ದೂರ ಗ್ಲೂಕೋಸ್‌ನಲ್ಲಿ ಸುಮಾರು 1.26, ಕ್ರಿಯಾಟಿನಿನ್‌ನಲ್ಲಿ 1.95. ಇಷ್ಟು ವರ್ಷದಲ್ಲಿ ನನಗೆ ಅತಿ ಹೆಚ್ಚು ತಪ್ಪು ತೋರಿಸಿದ ಚಿತ್ರ ಇದೊಂದೇ.

ಯೂನಿಟ್ ಸ್ಪೆಲಿಂಗ್ ನೂರಾರು ಥರ ಇದೆ. ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸಿ, ಸ್ಪೇಸ್ ತೆಗೆದರೆ ಸಾಕಲ್ವಾ?

ಸ್ಪೇಸ್ ತೆಗೆಯಿರಿ. ಸಣ್ಣಕ್ಷರಕ್ಕೆ ಇಳಿಸಬೇಡಿ. ಫ್ರಾನ್ಸಿನ ಲ್ಯಾಬುಗಳು ಬಿಳಿ ರಕ್ತಕಣವನ್ನು ದೊಡ್ಡ ಜಿ ಪರ್ ಲೀಟರ್ ಎಂದು ಬರೆಯುತ್ತವೆ. ಅದು ಗಿಗಾ, ಲೀಟರಿಗೆ ಎಷ್ಟು ನೂರು ಕೋಟಿ ಕಣ ಎಂದು. ಸಣ್ಣ ಜಿ ಆದರೆ ಗ್ರಾಂ. ಒಂದು ಲೈನ್ ಕೋಡ್‌ನಲ್ಲಿ ರಕ್ತಕಣದ ಎಣಿಕೆ ತೂಕವಾಗಿಬಿಡುತ್ತದೆ.

ಮ್ಯೂ ಚಿಹ್ನೆಯದ್ದು ಬೇರೆಯೇ ಕಥೆ. ಯೂನಿಕೋಡ್‌ನಲ್ಲಿ ಅದು ಎರಡಿದೆ, ಮೈಕ್ರೋ ಚಿಹ್ನೆ ಒಂದು, ಗ್ರೀಕ್ ಅಕ್ಷರ ಇನ್ನೊಂದು. ಕಣ್ಣಿಗೆ ಅವಳಿ ಜವಳಿ, ಕೋಡ್‌ಗೆ ಬೇರೆ ಬೇರೆ. ಇದಕ್ಕೆ ಔಷಧಿ ಎಂದು ಎನ್‌ಎಫ್‌ಕೆಸಿ ನಾರ್ಮಲೈಸೇಶನ್ ಹೇಳುತ್ತಾರೆ, ಒಂದೇ ಥರದ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ಕ್ರಮ ಅದು. ಅದು ಎರಡೂ ಮ್ಯೂಗಳನ್ನು ಒಂದು ಮಾಡುತ್ತದೆ, ನಿಜ. ಜೊತೆಗೆ ಮೇಲೆ ಬರೆದ ಘಾತವನ್ನೂ ಕೆಳಗೆ ಇಳಿಸುತ್ತದೆ. 10⁹ ಹೋಗಿ 109 ಆಗುತ್ತದೆ! ಮೊದಲು ಘಾತಗಳನ್ನು ಸರಿಯಾಗಿ ಬದಲಾಯಿಸಿಕೊಂಡು ಆಮೇಲೆ ಅದನ್ನು ಓಡಿಸಿ.

ನನ್ನ ದಾರಿ ಹಳೇ ಕಾಲದ್ದು. ಡೇಟಾದಲ್ಲಿ ಬಂದ ಪ್ರತಿಯೊಂದು ಸ್ಪೆಲಿಂಗ್‌ಗೂ ಒಂದು ಪಟ್ಟಿ. ಎಡಗಡೆ ಬಂದದ್ದು, ಬಲಗಡೆ ಅದರ ಅರ್ಥ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಪ್ರೋಗ್ರಾಂ ನಿಲ್ಲಬೇಕು. ಊಹೆ ಮಾಡಿ ಮುಂದೆ ಹೋಗಬಾರದು.

ಬಲಗಡೆ ಏನು ಬರೆಯಲಿ? ಯುಸಿಯುಎಂ ಎನ್ನುತ್ತಾರಲ್ಲ, ಅದೇನಾ?

ಹೌದು. ಯೂನಿಟ್‌ಗಳನ್ನು ಕಂಪ್ಯೂಟರ್‌ಗೆ ಗೊಂದಲವಿಲ್ಲದೆ ಹೇಳಲು ಮಾಡಿದ ಬರಹದ ಕ್ರಮ. ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆಯಿಂದ ಬಂದದ್ದು. ಟೆಸ್ಟುಗಳಿಗೆ ಕೋಡ್ ಕೊಡುವ ಲೊಯಿಂಕ್ ಕೂಡ ಅಲ್ಲಿಯದೇ. ಲೊಯಿಂಕ್‌ನಲ್ಲಿ ಒಂದು ಅನುಕೂಲ ಇದೆ. ಸೀರಂ ಅಥವಾ ಪ್ಲಾಸ್ಮಾದ ಗ್ಲೂಕೋಸ್ ತೂಕದಲ್ಲಿ ಅಳೆದರೆ 2345-7, ಮೋಲ್‌ನಲ್ಲಿ ಅಳೆದರೆ 14749-6. ಲೊಯಿಂಕ್ ಕೋಡ್ ಒಂದು ಹೇಳಿ, ಯೂನಿಟ್ ಇನ್ನೊಂದು ಹೇಳಿದರೆ ಅಲ್ಲೇ ಕಳ್ಳ ಸಿಕ್ಕಿದ ಹಾಗೆ. ಈ ಪರೀಕ್ಷೆ ಬರೆಯಲು ಹತ್ತು ನಿಮಿಷ ಸಾಕು.

ಪಿಂಟ್ ಥರದ ಯೂನಿಟ್ ಬದಲಾಯಿಸುವ ಪೈಥಾನ್ ಲೈಬ್ರರಿ ಹಾಕಿದರೆ ಎಲ್ಲಾ ಅದೇ ನೋಡಿಕೊಳ್ಳುವುದಿಲ್ವಾ?

ಗ್ರಾಂನಿಂದ ಮಿಲಿಗ್ರಾಂ, ಪೌಂಡ್‌ನಿಂದ ಕೆಜಿ, ಇಂಥವನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಗ್ರಾಂನಿಂದ ಮೋಲ್‌ಗೆ ಹೋಗಬೇಕಾದರೆ ಯಾವ ವಸ್ತು ಎಂದು ನೀವೇ ಹೇಳಬೇಕು, ಅದರ ಅಣುತೂಕ ಕೊಡಬೇಕು. ಗ್ಲೂಕೋಸ್‌ನದ್ದು 180.16. ಲೀಟರ್‌ನಿಂದ ಡಿಎಲ್‌ಗೆ ಬಂದಾಗ ಅದು ಹತ್ತರಲ್ಲಿ ಒಂದು ಪಾಲು, ಅದಕ್ಕೇ 18.

ಜ್ವರದಲ್ಲಿ ಗುಣಾಕಾರದ ಜೊತೆ 32 ಕಳೆಯುವುದೂ ಇದೆ. 98.6 ಫ್ಯಾರನ್‌ಹೀಟ್ ಅಂದರೆ 37 ಸೆಲ್ಸಿಯಸ್, ಸರಿ. ಆದರೆ "ಜ್ವರ 2 ಡಿಗ್ರಿ ಇಳಿದಿದೆ" ಎನ್ನುವ ಕಾಲಂ ಇದ್ದರೆ ಅಲ್ಲಿ 32 ಕಳೆಯಬಾರದು. ಅದು ವ್ಯತ್ಯಾಸ, ಉತ್ತರ 1.1. ಎಚ್‌ಬಿಎ1ಸಿಯದ್ದೂ ಇದೇ ಜಾತಿ. ಶೇಕಡಾದಿಂದ 2.15 ಕಳೆದು 10.929ರಿಂದ ಗುಣಿಸಿದರೆ ಮಿಲಿಮೋಲ್/ಮೋಲ್. 6.5 ಹೋಗಿ 48 ಆಗುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಶನ್ ಬದಲಾಯಿಸುವಾಗ ಬರೀ ಗುಣಿಸಬೇಕು, ಕಳೆಯುವ ಹಾಗಿಲ್ಲ. ಇದನ್ನು ಯಾವ ಲೈಬ್ರರಿಯೂ ನಿಮ್ಮ ಕಾಲಂ ಹೆಸರು ನೋಡಿ ಊಹಿಸುವುದಿಲ್ಲ.

ಯೂನಿಟ್ ಸರಿ ಇದ್ದೂ ತಪ್ಪಾಗಬಹುದಾ?

ಆಗಬಹುದು, ಅದೇ ಜಾಸ್ತಿ ಅಪಾಯ. ಹಿಂದೆ ಸೇರು ಎಂಬುದೊಂದಿತ್ತಲ್ಲ. ಅಕ್ಕಿ ಅಳೆಯುವ ಸೇರು ಬೇರೆ, ತೂಕದ ಸೇರು ಬೇರೆ, ಅದರಲ್ಲೂ ಕಚ್ಚಾ ಸೇರು, ಪಕ್ಕಾ ಸೇರು. ಹೆಸರು ಒಂದೇ. ಲ್ಯಾಬಿನಲ್ಲೂ ಹಾಗೇ ಇದೆ.

ನಮ್ಮ ಲ್ಯಾಬುಗಳು ಸಾಮಾನ್ಯವಾಗಿ ಬ್ಲಡ್ ಯೂರಿಯಾ ಕೊಡುತ್ತವೆ. ಅಮೆರಿಕದಲ್ಲಿ ಬಿಯುಎನ್, ಅಂದರೆ ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ. ಎರಡೂ ಎಂಜಿ/ಡಿಎಲ್. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಯೂರಿಯಾ 30 ನಾರ್ಮಲ್, ಬಿಯುಎನ್ 30 ಜಾಸ್ತಿ. ಯೂನಿಟ್ ಕಾಲಂ ಎಷ್ಟು ದಿಟ್ಟಿಸಿದರೂ ಇದು ಸಿಗುವುದಿಲ್ಲ.

ಡಿ-ಡೈಮರ್ (ರಕ್ತ ಹೆಪ್ಪುಗಟ್ಟುವುದಕ್ಕೆ ಸಂಬಂಧಿಸಿದ ಟೆಸ್ಟ್) ಇನ್ನೂ ಕಷ್ಟ. ಕೆಲವು ಕಿಟ್ ಎಫ್‌ಇಯು (ಫೈಬ್ರಿನೋಜನ್ ಇಕ್ವಿವಲೆಂಟ್ ಯೂನಿಟ್) ಲೆಕ್ಕದಲ್ಲಿ, ಕೆಲವು ಡಿಡಿಯು (ಡಿ-ಡೈಮರ್ ಯೂನಿಟ್) ಲೆಕ್ಕದಲ್ಲಿ ಕೊಡುತ್ತವೆ. ಮೊದಲನೆಯದು ಎರಡನೆಯದರ ಸುಮಾರು ಎರಡು ಪಟ್ಟು. ರಿಪೋರ್ಟಿನಲ್ಲಿ ಎಷ್ಟೋ ಸಲ ಸುಮ್ನೆ ನ್ಯಾನೋಗ್ರಾಂ/ಎಂಎಲ್ ಎಂದಷ್ಟೇ ಇರುತ್ತದೆ. ಮೇಲಿನ ಮಿತಿ 500 ಇದ್ದರೆ ಎಫ್‌ಇಯು, 250ರ ಹತ್ತಿರ ಇದ್ದರೆ ಡಿಡಿಯು ಎಂದು ಅಂದಾಜು ಮಾಡಬಹುದು. ಖಚಿತ ಮಾಡಿಕೊಳ್ಳಲು ಕಿಟ್ ಹೆಸರು ಬೇಕು.

ಯೂನಿಟ್ ಖಾಲಿ ಇದ್ದರೆ ಅಂಕಿ ನೋಡಿ ಊಹಿಸಬಹುದಾ?

ಟೆಸ್ಟ್ ಮೇಲೆ ಹೋಗುತ್ತದೆ. ಮೈ ಬಿಸಿ 37 ಮತ್ತು 98 ಎಂದೂ ಬೆರೆಯುವುದಿಲ್ಲ. ಬಾಸ್ಟನ್‌ನ ಆಸ್ಪತ್ರೆಯೊಂದರ ಐಸಿಯು ಡೇಟಾ ಇರುವ ಮಿಮಿಕ್‌ನಲ್ಲಿ ಫ್ಯಾರನ್‌ಹೀಟ್‌ಗೆ 223761, ಸೆಲ್ಸಿಯಸ್‌ಗೆ 223762 ಎಂದು ಬೇರೆ ಬೇರೆ ಐಟಂ ನಂಬರ್ ಇವೆ. ಅದರ ಜೊತೆಗಿರುವ ಸಾರ್ವಜನಿಕ ಕೋಡ್ ಅಷ್ಟಕ್ಕೇ ನಂಬಿ ಕೂರುವುದಿಲ್ಲ. ಮೊದಲನೆಯದು 70 ಮತ್ತು 120ರ ನಡುವೆ, ಎರಡನೆಯದು 10 ಮತ್ತು 50ರ ನಡುವೆ ಇದ್ದರೆ ಮಾತ್ರ ಒಳಗೆ ಬಿಡುತ್ತದೆ. ಒಳ್ಳೇ ಪಾಠ.

ಕ್ರಿಯಾಟಿನಿನ್ ಕೂಡ ಬಹುತೇಕ ಬೇರ್ಪಡುತ್ತದೆ. ಗ್ಲೂಕೋಸ್‌ನಲ್ಲಿ ತುದಿಗಳು ತಾಗುತ್ತವೆ. 30 ಎಂದಷ್ಟೇ ಇದ್ದರೆ ಅದು ಶುಗರ್ ಪೂರ್ತಿ ಇಳಿದು ಪ್ರಜ್ಞೆ ತಪ್ಪುವ ರೋಗಿಯದ್ದಿರಬಹುದು, ಇಲ್ಲವೇ 30 ಮಿಲಿಮೋಲ್/ಲೀಟರ್, ಅಂದರೆ ಇಲ್ಲಿಯ 540ಕ್ಕೆ ಏರಿದ ರೋಗಿಯದ್ದಿರಬಹುದು. ಇಬ್ಬರಿಗೂ ಜೀವಕ್ಕೆ ಅಪಾಯ, ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ.

ಹಿಮೋಗ್ಲೋಬಿನ್‌ನಲ್ಲಿ ಊಹೆ ಪೂರ್ತಿ ಸೋಲುತ್ತದೆ. 8 ಗ್ರಾಂ/ಡಿಎಲ್ ರಕ್ತಹೀನತೆ, 8 ಮಿಲಿಮೋಲ್/ಲೀಟರ್ ಎಂದರೆ 12.9 ಗ್ರಾಂ/ಡಿಎಲ್. ತೂಕ 80 ಎಂದಿದ್ದರೆ ಕೆಜಿಯೋ ಪೌಂಡೋ ದೇವರೇ ಬಲ್ಲ. ಅಲ್ಲಿ ಖಾಲಿಯನ್ನು ಖಾಲಿ ಎಂದೇ ಬಿಡಿ. ಅದೇ ರೋಗಿಯ ಹಿಂದಿನ ಅಂಕಿ ಇದ್ದರೆ ಹೋಲಿಸಿ. ನಿನ್ನೆ 80, ಇವತ್ತು 176 ಇದ್ದರೆ ಭಾಗಿಸಿ ನೋಡಿ, 2.2 ಬರುತ್ತದೆ.

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಯಾವುದು?

ರೆಫರೆನ್ಸ್ ರೇಂಜ್, ಅಂದರೆ ರಿಪೋರ್ಟಿನಲ್ಲಿ ಅಂಕಿಯ ಜೊತೆ ಬರುವ ನಾರ್ಮಲ್ ರೇಂಜ್. ಇದನ್ನು ಯಾರೂ ಬಳಸುವುದಿಲ್ಲ ಎನ್ನುವುದು ನನ್ನ ದೊಡ್ಡ ಬೇಜಾರು. ಡೇಟಾ ಕೇಳುವಾಗಲೇ "ಆ ಕಾಲಂ ಬೇಡ" ಎಂದು ಬಿಟ್ಟುಬಿಡುತ್ತಾರೆ. ಅಂಕಿ ರೋಗಿಯಿಂದ ರೋಗಿಗೆ ಬದಲಾಗುತ್ತದೆ, ಯೂನಿಟ್ ಕಾಲಂ ಡೀಫಾಲ್ಟ್‌ನಿಂದ ಬಂದಿರಬಹುದು. ರೇಂಜ್ ಸಾಮಾನ್ಯವಾಗಿ ಲ್ಯಾಬಿನ ಸಿಸ್ಟಂನಿಂದ ನೇರ ಬರುತ್ತದೆ.

ಕೋಡ್ ಸುಲಭ. ಪ್ರತಿ ಟೆಸ್ಟ್‌ಗೂ ಪ್ರತಿ ಯೂನಿಟ್‌ಗೂ ನಿರೀಕ್ಷಿತ ರೇಂಜ್ ಒಂದು ಟೇಬಲ್‌ನಲ್ಲಿ ಇಡಿ. ಬಂದ ರೇಂಜಿನ ಮೇಲಿನ ಮಿತಿಯನ್ನು ನಿರೀಕ್ಷಿತ ಮಿತಿಯಿಂದ ಭಾಗಿಸಿ. ಅರ್ಧದಿಂದ ಎರಡರ ನಡುವೆ ಇದ್ದರೆ ಸರಿ, ಇಲ್ಲದಿದ್ದರೆ ಕೆಂಪು ಬಾವುಟ. ಈ ಪರೀಕ್ಷೆ ಸಾಲು ಸಾಲಿಗೆ ಬೇಕಿಲ್ಲ, ಬೇರೆ ಬೇರೆ ರೇಂಜ್‌ಗಳ ಪಟ್ಟಿ ತೆಗೆದರೆ ಹತ್ತಿಪ್ಪತ್ತು ಸಾಲು ಅಷ್ಟೇ. ಮಿಮಿಕ್‌ನ ಲ್ಯಾಬ್ ಟೇಬಲ್‌ನಲ್ಲಿ ಕೆಳಗಿನ, ಮೇಲಿನ ಮಿತಿಗೆ ಕಾಲಂ ಇದೆ. ಔಷಧ ಪ್ರಯೋಗಗಳ ಡೇಟಾಗೆ ಇರುವ ಸಿಡಿಸ್ಕ್ ಎಂಬ ಕ್ರಮದಲ್ಲೂ ಇದೆ.

ಎತ್ತರದ ಕಾಲಂ ಬಗ್ಗೆ ಯಾಕೆ ಅಷ್ಟು ಎಚ್ಚರಿಕೆ ಹೇಳ್ತೀರಿ?

ನಾವು ಎತ್ತರವನ್ನು ಅಡಿ ಇಂಚಲ್ಲಿ ಹೇಳುವವರು. ಐದಡಿ ಹತ್ತಿಂಚನ್ನು ಸಿಸ್ಟರ್ 5.10 ಎಂದು ಟೈಪ್ ಮಾಡುತ್ತಾರೆ. ಎಕ್ಸೆಲ್ ಅದನ್ನು ದಶಮಾಂಶ ಎಂದುಕೊಂಡು ಕೊನೆಯ ಸೊನ್ನೆ ಕಿತ್ತು 5.1 ಮಾಡುತ್ತದೆ. ಈಗ ಆ ವ್ಯಕ್ತಿ ಐದಡಿ ಒಂದಿಂಚು. 177.8 ಸೆಂಮೀ ಇದ್ದವರು 154.9ಕ್ಕೆ ಇಳಿದರು. ತೂಕ 70 ಕೆಜಿ ಎಂದಿಟ್ಟುಕೊಳ್ಳಿ. ಬಿಎಂಐ 22 ಇದ್ದದ್ದು 29 ಆಯಿತು. ಮಾಮೂಲಿ ತೂಕದ ಮನುಷ್ಯ ನಿಮ್ಮ ವರದಿಯಲ್ಲಿ ತೂಕ ಜಾಸ್ತಿಯಾದವರ ಸಾಲಿಗೆ ಸೇರಿದ. ಇದನ್ನು ಆಮೇಲೆ ಸರಿ ಮಾಡಲು ಯಾವ ಕೋಡ್‌ಗೂ ಆಗದು, ಮಾಹಿತಿಯೇ ಹೋಗಿಬಿಟ್ಟಿದೆ. ಅಡಿಗೆ ಒಂದು ಕಾಲಂ, ಇಂಚಿಗೆ ಇನ್ನೊಂದು ಇಡಿಸಿ. ಹಳೇ ಡೇಟಾ ಆದರೆ 5.1ಗಳನ್ನು ಎಣಿಸಿ. ಅವು 5.2ಗಳ ಎಣಿಕೆಗಿಂತ ವಿಪರೀತ ಜಾಸ್ತಿ ಇದ್ದರೆ ಗೊತ್ತಾಯ್ತಲ್ಲ, ಅದರಲ್ಲೂ ಗಂಡಸರಲ್ಲಿ.

ಔಟ್‌ಲೈಯರ್ (ಉಳಿದವಕ್ಕಿಂತ ತೀರಾ ದೂರ ಇರುವ ಅಂಕಿ) ತೆಗೆದುಹಾಕಿದರೆ ಈ ತಪ್ಪುಗಳೂ ಹೋಗುತ್ತವಲ್ಲ?

ತಪ್ಪಿನ ಜೊತೆ ರೋಗಿಯೂ ಹೋಗುತ್ತಾನೆ. ಬೇರೆ ಯೂನಿಟ್ ಬಳಸುವ ಒಂದು ಇಡೀ ಆಸ್ಪತ್ರೆ ಔಟ್‌ಲೈಯರ್ ಎಂದು ಹೊರಬೀಳುವುದನ್ನು ನೋಡಿದ್ದೇನೆ. ಮೊದಲು ಯೂನಿಟ್, ಆಮೇಲೆ ಔಟ್‌ಲೈಯರ್.

ಮಷೀನ್ ಲರ್ನಿಂಗ್ ಮಾಡೆಲ್ ತಾನೇ ಕಲಿತುಕೊಳ್ಳುವುದಿಲ್ವಾ?

ಕಲಿಯುತ್ತದೆ, ಬೇಡದ್ದನ್ನು. ಒಂದು ಆಸ್ಪತ್ರೆಯಲ್ಲಿ ರೋಗ ಜೋರಾಗಿರುವವರು ಜಾಸ್ತಿ, ಅಲ್ಲಿಯ ಅಂಕಿ 88 ಪಟ್ಟು ದೊಡ್ಡದು ಎಂದಿಟ್ಟುಕೊಳ್ಳಿ. ಮಾಡೆಲ್ ಕಲಿಯುವುದು ಕಿಡ್ನಿಯನ್ನಲ್ಲ, ಆಸ್ಪತ್ರೆಯ ಗುರುತನ್ನು. ಅದೇ ಡೇಟಾದಲ್ಲಿ ಮಾಡೆಲ್‌ನ ಸ್ಕೋರ್ ಚೆನ್ನಾಗಿ ಬರುತ್ತದೆ. ಹೊಸ ಆಸ್ಪತ್ರೆಗೆ ಹೋದ ದಿನ ಮುಗ್ಗರಿಸುತ್ತದೆ.

ತಪ್ಪು ಸಿಕ್ಕ ಕೂಡಲೇ ಕೋಡ್‌ನಲ್ಲೇ ಸರಿಪಡಿಸಲಾ?

ಮೂಲ ಅಂಕಿಯ ಮೇಲೆ ಬರೆಯಬೇಡಿ. ಸಿಡಿಸ್ಕ್‌ನವರು ಇದನ್ನು ಚೆನ್ನಾಗಿ ಯೋಚಿಸಿದ್ದಾರೆ. ಬಂದ ಅಂಕಿ, ಬಂದ ಯೂನಿಟ್ ಒಂದು ಜೊತೆ ಕಾಲಂ. ಬದಲಾಯಿಸಿದ ಅಂಕಿ, ಬದಲಾಯಿಸಿದ ಯೂನಿಟ್ ಇನ್ನೊಂದು ಜೊತೆ. ಬೇರೆ ಬೇರೆ ಆಸ್ಪತ್ರೆಗಳ ಡೇಟಾವನ್ನು ಒಂದೇ ರೂಪಕ್ಕೆ ತರುವ ಓಮಾಪ್ ಮಾದರಿಯಲ್ಲೂ ಮೂಲ ಯೂನಿಟ್‌ನ ಬರಹಕ್ಕೆ ಬೇರೆ ಜಾಗ ಇದೆ. ನಾನು ಇದಕ್ಕೆ ಇನ್ನೊಂದು ಕಾಲಂ ಸೇರಿಸುತ್ತೇನೆ, ಯಾಕೆ ಬದಲಾಯಿಸಿದೆ ಎಂದು. "ರೇಂಜ್ ನೋಡಿ", "ಲ್ಯಾಬ್ ಹೇಳಿದ್ದು", "ಊಹೆ". ಕೊನೆಯದು ಇರುವ ಸಾಲುಗಳನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ. ಉತ್ತರ ಬದಲಾದರೆ ನಿಮ್ಮ ಫಲಿತಾಂಶ ಊಹೆಯ ಮೇಲೆ ನಿಂತಿದೆ.

ಒಮ್ಮೆ ಪರೀಕ್ಷೆ ಮಾಡಿದರೆ ಸಾಕಾ?

ಸಾಲದು. ಡೇಟಾ ಬಂದಾಗಲೆಲ್ಲ ಓಡಬೇಕು. ಪಾಂಡೆರಾ ಥರದ, ಡೇಟಾ ಪರೀಕ್ಷಿಸುವ ಲೈಬ್ರರಿಯಲ್ಲಿ ನಿಯಮ ಬರೆದಿಟ್ಟರೆ ತಾನಾಗಿ ಓಡುತ್ತದೆ. ತಿಂಗಳು ತಿಂಗಳ ಮೀಡಿಯನ್ ಗೆರೆ ಹಾಕಿ. ಲ್ಯಾಬ್ ಮಷೀನ್ ಬದಲಾಯಿಸಿದ ತಿಂಗಳು ಗೆರೆ ಮೆಟ್ಟಿಲು ಹತ್ತುತ್ತದೆ, ಇಲ್ಲವೇ ಇಳಿಯುತ್ತದೆ.

ಅಭ್ಯಾಸಕ್ಕೆ ಡೇಟಾ ಎಲ್ಲಿ ಸಿಗುತ್ತದೆ?

ವೈದ್ಯಕೀಯ ಡೇಟಾ ಹಂಚುವ ಫಿಸಿಯೋನೆಟ್ ಎಂಬ ವೆಬ್‌ಸೈಟಿನಲ್ಲಿ ಮಿಮಿಕ್-4ರ ಡೆಮೊ ಇದೆ. 100 ರೋಗಿಗಳದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೂರ್ತಿ ಡೇಟಾ ಬೇಕಾದರೆ ತರಬೇತಿ ಮುಗಿಸಿ ಒಪ್ಪಂದಕ್ಕೆ ಸಹಿ ಹಾಕಬೇಕು.

ನಮ್ಮ ಟೀಮಿನಲ್ಲಿ ಡಾಕ್ಟರ್ ಇಲ್ಲ. ಅನುಮಾನ ಬಂದರೆ ಯಾರನ್ನು ಕೇಳೋದು?

ಡಾಕ್ಟರಿಗಿಂತ ಲ್ಯಾಬ್ ಟೆಕ್ನಿಷಿಯನ್‌ರನ್ನು ಕೇಳಿ. ಮಷೀನ್ ಯಾವುದು, ಕಿಟ್ ಯಾವುದು, ಯಾವಾಗ ಬದಲಾಯಿತು ಎಂದು ಗೊತ್ತಿರುವುದು ಅವರಿಗೆ. ಬೆಳಗ್ಗೆ ಹತ್ತರೊಳಗೆ ಫೋನ್ ಮಾಡಬೇಡಿ, ಫಾಸ್ಟಿಂಗ್ ಸ್ಯಾಂಪಲ್ ಕೊಡುವವರ ಸಾಲು ಇರುತ್ತದೆ. "ಸರ್, ನಿಮ್ಮ ಯೂನಿಟ್ ತಪ್ಪಿದೆ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಕೇಳುವುದು ಒಂದೇ: "ಹೆಸರು ಮುಚ್ಚಿ ಒಂದು ಪ್ರಿಂಟೆಡ್ ರಿಪೋರ್ಟಿನ ಫೋಟೋ ಕಳಿಸ್ತೀರಾ?" ಅದರಲ್ಲಿ ಅಂಕಿ, ಯೂನಿಟ್, ರೇಂಜ್, ಎಷ್ಟೋ ಸಲ ವಿಧಾನದ ಹೆಸರು ಕೂಡ ಒಂದೇ ಸಾಲಿನಲ್ಲಿ ಇರುತ್ತದೆ. ಮೇಲೆ ಹೇಳಿದ ಕ್ರಿಯಾಟಿನಿನ್ ಗೊಂದಲ ಕೊನೆಗೆ ಬಗೆಹರಿದದ್ದು ಅಂಥ ಒಂದು ಫೋಟೋದಿಂದ. ಸ್ವಲ್ಪ ಮಸುಕಾಗಿತ್ತು, ಮೂಲೆಯಲ್ಲಿ ಟೀ ಲೋಟದ ಗುರುತೂ ಇತ್ತು.